ಸಂಧಿ ಬಿಡಿಸಿ ಬರೆಯಿರಿ

ಮಾರ್ಚ್ ೪, ಮಂಗಳವಾರ
ಬೆಳಿಗ್ಗೆ ಒಂಬತ್ತೂವರೆ, ಅಡುಗೆಮನೆ ಮೇಜು

ನನ್ನ ಕೋಪಿಷ್ಠ ಅಕ್ಕನಿಗೆ,

ನಿನ್ನ ತಂಗಿ ಗುಂಡಿಯ ನಮಸ್ಕಾರ. ಕೈ ಜೋಡಿಸಿಯೇ ಮಾಡಿದ್ದೇನೆ, ಆದರೆ ಅಂಗೈ ಎರಡೂ ಪೂರ್ತಿ ಕೂಡಲಿಲ್ಲ. ನಡುವೆ ಒಂದು ನಿಂಬೆಹಣ್ಣು ಇಡುವಷ್ಟು ಜಾಗ ಉಳಿಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಸುದ್ದಿ ಕೇಳು.

ಹನ್ನೊಂದು ನಿಮಿಷ.

ಇವತ್ತು ಬೆಳಿಗ್ಗೆ ನೀನು ಕಳಿಸಿದ ಗೌನನ್ನು ಯಾರ ಕೈಯನ್ನೂ ತಾಗಿಸದೆ ನಾನೊಬ್ಬಳೇ ಹಾಕಿಕೊಂಡೆ. ಒಳಗಿನದರಿಂದ ಶುರುಮಾಡಿ ಕಾಲುಚೀಲದವರೆಗೆ ಹನ್ನೊಂದು ನಿಮಿಷ. ಹೋದ ತಿಂಗಳು ಇಷ್ಟೇ ಕೆಲಸಕ್ಕೆ ಐವತ್ತು ನಿಮಿಷ ಹಿಡಿಯುತ್ತಿತ್ತು. ಅದರಲ್ಲೂ ಒಂದು ಕಾಲುಚೀಲ ನನಗೆ ಸೋತು, ಇನ್ನೊಂದಕ್ಕೆ ನಾನು ಸೋತು, ಪಂದ್ಯ ಸಮ ಅಂತ ಬಿಟ್ಟು ಏಳುತ್ತಿದ್ದೆ. ಈಗ ಖುಷಿ ಎಷ್ಟಾಗಿದೆ ಅಂದರೆ ಗೌನು ಬಿಚ್ಚಲು ಮನಸ್ಸೇ ಇಲ್ಲ. ನಿನ್ನ ಮಗಳ ಮದುವೆಗೆ ತೊಡಬೇಕಾದ ಗೌನಿನ ಮೇಲೆ ಹಳೇ ಟವೆಲ್ ಕಟ್ಟಿಕೊಂಡು, ಹಾಲು ಕಾಯಿಸಿ, ಹಾಗೇ ಕೂತು ಬರೆಯುತ್ತಿದ್ದೇನೆ.

ಐವತ್ತು ವರ್ಷದ ಹೆಂಗಸು ಬಟ್ಟೆ ಹಾಕಿಕೊಂಡದ್ದಕ್ಕೆ ಕಾಗದ ಬರೀತಾಳಲ್ಲ ಅಂತ ನೀನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿರುತ್ತೀಯ ಅಂತ ನನಗೆ ಗೊತ್ತು. ಏರಿಸಿಕೋ. ಇದು ಸಣ್ಣ ವಿಷಯ ಅಲ್ಲ. ಫೋನಿನಲ್ಲೇ ಹೇಳುತ್ತಿದ್ದೆ, ಆದರೆ ನವೆಂಬರಿನಿಂದ ನನ್ನ ಹೆಸರು ಕಂಡರೆ ನಿನ್ನ ಫೋನಿಗೂ ಕಿವುಡು ಬಂದಿದೆ.

ನಿನ್ನ ಸಿಟ್ಟು ನ್ಯಾಯವೇ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟು ನಿವೃತ್ತಿಯಾದ ದಿನ, ನಿನ್ನ ಬೀಳ್ಕೊಡುಗೆಗೆ ಒಡಹುಟ್ಟಿದವಳು ಬರಲಿಲ್ಲ. ಸಂಜೆ ಫೋನು ಮಾಡಿ ಬಸ್ಸು ತಪ್ಪಿತು ಅಂದೆ. ನೀನು "ಸರಿ, ಇಡು" ಅಂದೆ. ನಾಲ್ಕು ತಿಂಗಳಾಯಿತು, ಅದೇ ಕೊನೆಯ ಮಾತು. ಆಮೇಲೆ ಬಂದದ್ದು ಈ ಗೌನಿನ ಪಾರ್ಸೆಲ್ಲು, ಒಳಗೆ ಒಂದು ಚೀಟಿ: "ಮಗಳ ಮದುವೆಗೆ ಮನೆಯ ಹೆಂಗಸರೆಲ್ಲ ಇದನ್ನೇ ತೊಡುತ್ತಾರೆ. ಬರುವುದಾದರೆ ಬಾ." ಎರಡೇ ಎರಡು ವಾಕ್ಯ, ಎರಡಕ್ಕೂ ಪೂರ್ಣವಿರಾಮ. ನಿನ್ನ ಪೂರ್ಣವಿರಾಮ ಕಾಗದದ ಹಿಂದಕ್ಕೂ ಇಳಿದಿತ್ತು, ಬೆರಳಿಟ್ಟರೆ ಗುಳಿ ಸಿಗುತ್ತಿತ್ತು.

ಅಕ್ಕ, ಬಸ್ಸು ತಪ್ಪಲಿಲ್ಲ. ಅದು ಸುಳ್ಳು. ಅವತ್ತು ನನಗೆ ಬಟ್ಟೆ ಹಾಕಿಕೊಳ್ಳಲು ಆಗಲಿಲ್ಲ, ಅದಕ್ಕೇ ಬರಲಿಲ್ಲ.

ಇದು ಶುರುವಾಗಿ ಒಂದೂವರೆ ವರ್ಷ ಆಯಿತು. ಟೈಲರ್ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಾಜ ಹೊಲಿಯುವ ಕೈ ನನ್ನದು. ಊರಿನಲ್ಲಿ ಅರ್ಧ ಜನರ ಗುಂಡಿ ನಾನು ಮಾಡಿದ ತೂತಿನಲ್ಲೇ ದಿನಾ ನುಸುಳುತ್ತದೆ. ಅಂಥ ಕೈಯಿಂದ ಸೂಜಿ ಬೀಳತೊಡಗಿತು. ಬೆಳಿಗ್ಗೆ ಎದ್ದರೆ ಬೆರಳೆಲ್ಲ ಬೆಂಡೆಕಾಯಿಯ ಹಾಗೆ ಊದಿ ನಿಂತಿರುತ್ತಿದ್ದವು, ಮಡಚು ಅಂದರೆ ಒಂದೂ ಮಾತು ಕೇಳುತ್ತಿರಲಿಲ್ಲ. ಆಸ್ಪತ್ರೆಗೆ ಹೋದೆ. ಡಾಕ್ಟರು ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ವಾರ ಬಿಟ್ಟು ಕರೆದರು. "ನಿಮಗೆ ಸಂಧಿವಾತ ಇದೆಯಮ್ಮ" ಅಂದರು. ನನ್ನ ಬಾಯಿ ನಿನಗೆ ಗೊತ್ತಲ್ಲ. "ಸಂಧಿ ನನಗೆ ಏಳನೇ ಕ್ಲಾಸಿಂದಲೂ ಇದೆ ಡಾಕ್ಟ್ರೇ, ಅದರ ಕಾಟಕ್ಕೇ ಶಾಲೆ ಬಿಟ್ಟಿದ್ದು" ಅಂದೆ. ಅವರು ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, "ಹನ್ನೆರಡನೇ ವಯಸ್ಸಿನಿಂದ ಕಾಯಿಲೆ" ಅಂತ ಬರೆದುಕೊಂಡರು. ಈಗಲೂ ಹೊಸ ಡಾಕ್ಟರು ಬಂದಾಗಲೆಲ್ಲ ನನ್ನ ಕಡತ ತೆಗೆದು, "ಪಾಪ, ಚಿಕ್ಕ ವಯಸ್ಸಿಂದಲೂ ಅನುಭವಿಸಿದ್ದೀರಿ" ಅಂತ ಮರುಗುತ್ತಾರೆ. ಏನು ಹೇಳಲಿ? ಸುಳ್ಳೂ ಅಲ್ಲವಲ್ಲ. ಪರೀಕ್ಷೆಯಲ್ಲಿ "ಸಂಧಿ ಬಿಡಿಸಿ ಬರೆಯಿರಿ" ಅಂದಿದ್ದ ಕಡೆ "ಬಿಡಿಸಲು ಆಗುತ್ತಿಲ್ಲ, ತುಂಬಾ ಗಟ್ಟಿಯಾಗಿದೆ" ಅಂತ ಬರೆದು ಬಂದವಳು ನಾನು. ನೀನು ಅವತ್ತು ನಕ್ಕೂ ಇದ್ದೆ, ಬೆನ್ನಿಗೆ ಎರಡು ಏಟು ಹಾಕಿಯೂ ಇದ್ದೆ.

ನೋವಿಗೆ ಬೆಳಗಿನ ಜಾವ ನಾಲ್ಕಕ್ಕೇ ಆಗಮ, ಹತ್ತರ ಮೇಲೆ ಸ್ವಲ್ಪ ಲೋಪ. ಮಂಗಳವಾರದ ರಜೆ ಬಿಟ್ಟರೆ ಅಂಗಡಿಗೆ ಹೊರಡುವುದು ಎಂಟಕ್ಕೆ. ಹಾಗಾಗಿ ಗುಂಡಿ ಹಾಕುವ ಕೆಲಸ ನಮ್ಮನೆಯವರ ಪಾಲಿಗೆ ಬಂತು. ಅವರಿಗೆ ಹಾಲಿನ ವ್ಯಾನು, ಐದು ಗಂಟೆಗೇ ಮನೆ ಬಿಡಬೇಕು. ಅಂದರೆ ನಾಲ್ಕೂಮುಕ್ಕಾಲಿಗೆ ನನಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ಬಾಗಿಲೆಳೆದು ಹೋಗುತ್ತಿದ್ದರು. ನಾನು ಇಸ್ತ್ರಿ ಕೆಡಬಾರದು ಅಂತ ಎಂಟರವರೆಗೆ ಫೋಟೋಕ್ಕೆ ಕೂತವಳ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದೆ. ಅವರ ಅವಸರದಲ್ಲಿ ದಿನಕ್ಕೊಂದು ಗುಂಡಿ ಪಕ್ಕದ ಕಾಜಕ್ಕೆ ಹೋಗುತ್ತಿತ್ತು. ಒಂದು ದಿನ ನಮ್ಮ ಅಂಗಡಿಯ ಟೈಲರ್ ಮಾಸ್ಟರು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಏನಮ್ಮ, ಕಾಜ ಹಾಕೋಳೇ ಕಾಜ ತಪ್ಪಿಸಿದ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು" ಅಂದರು. "ಹೊಸ ಫ್ಯಾಷನ್ನು ಮಾಸ್ಟ್ರೇ" ಅಂದೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಮಾರನೇ ದಿನ ನನ್ನ ಸ್ಟೂಲಿನ ಪಕ್ಕ ಬಿಸಿನೀರಿನ ಫ್ಲಾಸ್ಕು, ಒಂದು ಬೋಗುಣಿ ಇಟ್ಟಿತ್ತು.

ನಿನ್ನ ಬೀಳ್ಕೊಡುಗೆಯ ಹಿಂದಿನ ದಿನ ನಮ್ಮನೆಯವರ ವ್ಯಾನು ದೂರದೂರಿಗೆ ಹೋಗಿತ್ತು. ಮಾರನೇ ಬೆಳಿಗ್ಗೆ ನಾನೊಬ್ಬಳೇ. ಹಿಂದೆ ಹುಕ್ಕಿರುವ ಉಡುಪು ಹಾಕಿಕೊಂಡು, ಕೈ ಹಿಂದಕ್ಕೆ ಹೋಗದೆ, ಬಾಗಿಲ ಚಿಲಕಕ್ಕೆ ಬೆನ್ನು ತಿಕ್ಕಿ, ಅಡುಗೆ ಇಕ್ಕಳದಲ್ಲಿ ಎಳೆದು, ಎರಡು ಗಂಟೆ ಕುಣಿದೆ. ಪಕ್ಕದ ಮನೆಯವಳನ್ನು ಕರೆಯಬಹುದಿತ್ತು. ನಿನಗೇ ಫೋನು ಮಾಡಿ ಹೇಳಬಹುದಿತ್ತು. ಆಗಲಿಲ್ಲ ಅಕ್ಕ. ಆರು ವರ್ಷ ಆಗುವವರೆಗೂ ಶಾಲೆಗೆ ಹೋಗುವಾಗ ನನಗೆ ಗುಂಡಿ ಹಾಕುತ್ತಿದ್ದವಳು ನೀನು. ಹಲ್ಲಿನಲ್ಲಿ ರಿಬ್ಬನ್ ಕಚ್ಚಿಕೊಂಡು, "ನೆಟ್ಟಗೆ ನಿಲ್ಲೇ" ಅಂತ ಗದರುತ್ತಿದ್ದೆ. ಐವತ್ತಕ್ಕೆ ಮತ್ತೆ ನಿನ್ನ ಮುಂದೆ ಹೋಗಿ ಹಾಗೆ ನಿಲ್ಲುವುದು ಹೇಗೆ? ಇನ್ನೊಂದು ಹೆದರಿಕೆಯೂ ಇತ್ತು. ಇದನ್ನು ನಾನು ಎಷ್ಟೇ ತಮಾಷೆ ಮಾಡಿ ಹೇಳಿದರೂ ನೀನು ನಗುತ್ತಿರಲಿಲ್ಲ. ನನ್ನ ಜೋಕಿಗೆ ನೀನೇ ನಗದಿದ್ದರೆ ಕಾಯಿಲೆ ನಿಜವಾಗಿಬಿಡುತ್ತದೆ ಅನ್ನಿಸಿತ್ತು.

ಸರಿ, ಅಳುವ ಭಾಗ ಮುಗಿಯಿತು. ಈಗ ಮಜಾ ಭಾಗ.

ನಿನ್ನ ಪಾರ್ಸೆಲ್ಲು ಬಿಚ್ಚಿ ಗೌನು ಎತ್ತಿ ಹಿಡಿದೆ. ಏನು ಬಣ್ಣ, ಏನು ನೆರಿಗೆ. ತಿರುಗಿಸಿ ನೋಡಿದರೆ ಬೆನ್ನ ಮೇಲೆ, ಕುತ್ತಿಗೆಯಿಂದ ಸೊಂಟದವರೆಗೆ, ಬಟಾಣಿ ಕಾಳಿನಷ್ಟು ಗುಂಡಿ, ಹದಿನಾಲ್ಕು. ಒಂದೊಂದಕ್ಕೂ ದಾರದ ಕುಣಿಕೆ. ನಾನು ಹಾಸಿಗೆಯ ಮೇಲೆ ಕೂತು ನಗಲು ಶುರುಮಾಡಿದೆ. ನಮ್ಮನೆಯವರು ಓಡಿಬಂದು, "ಯಾಕೆ, ಏನಾಯ್ತು" ಅಂದರು. "ನಮ್ಮಕ್ಕ ನನ್ನನ್ನ ಕೊಲ್ಲೋಕೆ ಹದಿನಾಲ್ಕು ಗುಂಡು ಕಳಿಸಿದ್ದಾಳೆ" ಅಂದೆ.

ಅವರು ಮದುವೆಯ ಬೆಳಿಗ್ಗೆ ತಾವೇ ಹಾಕಿಕೊಡುತ್ತೇನೆ ಅಂದರು. ಬೇಡ ಅಂದೆ. ನಿನ್ನೆದುರು ಬರುವುದಾದರೆ ನಾನೇ ತೊಟ್ಟು ಬರಬೇಕು, ಇಲ್ಲದಿದ್ದರೆ ಇಲ್ಲ.

ಆಸ್ಪತ್ರೆಯಲ್ಲಿ ಕೈ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ನಮ್ಮ ಅರ್ಧ ವಯಸ್ಸು, ನಿನ್ನ ಎರಡರಷ್ಟು ಜೋರು. ಗೌನನ್ನು ಚೀಲದಲ್ಲಿ ಹಾಕಿಕೊಂಡು ಅವರ ಹತ್ತಿರವೇ ಹೋದೆ. "ಬಟ್ಟೆಗೆ ನೀವು ಬಗ್ತೀರಾ, ನಿಮಗೆ ಬಟ್ಟೆ ಬಗ್ಬೇಕಾ? ಹೊಲಿಯೋರಲ್ವಾ ನೀವು" ಅಂತ ಕೇಳಿದರು. ನನ್ನ ತಲೆಯಲ್ಲಿ ದೀಪ ಹತ್ತಿತು. ಇಪ್ಪತ್ತಾರು ವರ್ಷ ಊರಿನ ಮೈಗೆಲ್ಲ ಬಟ್ಟೆ ಬಗ್ಗಿಸಿದವಳಿಗೆ ನನ್ನ ಮೈಗೆ ಬಗ್ಗಿಸಬೇಕು ಅಂತ ಹೊಳೆದಿರಲಿಲ್ಲ. ಹೆಚ್ಚು ನೋಯುವ ತೋಳನ್ನು ಮೊದಲು ತೂರಿಸು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆ. ಕೂತು ತೊಡು, ನಿಂತಲ್ಲ. ಏಳುತ್ತಲೇ ಕೈ ಬಿಸಿನೀರಿನಲ್ಲಿ ಅದ್ದು. ಒಳಗಿನದನ್ನು ಮುಂದೆ ಹುಕ್ಕು ಹಾಕಿ ಆಮೇಲೆ ಗಿರ್ರನೆ ಹಿಂದಕ್ಕೆ ತಿರುಗಿಸು. ಇದೆಲ್ಲ ಅವರ ಆದೇಶ. ನೀನು ಹೇಳಿಕೊಟ್ಟ ಆದೇಶ ಸಂಧಿ ನನಗೆ ಅರ್ಥವಾಗಿದ್ದು ಅವತ್ತು. ಒಂದಿದ್ದ ಜಾಗಕ್ಕೆ ಇನ್ನೊಂದು ಬರಬೇಕು, ಅಷ್ಟೇ ತಾನೆ? ಗುಂಡಿ ಇದ್ದ ಜಾಗಕ್ಕೆ ಚರ್ ಪಟ್ಟಿ.

ಚರ್ ಪಟ್ಟಿ ಅಂದರೆ ನಮ್ಮ ಅಂಗಡಿ ಭಾಷೆಯಲ್ಲಿ ವೆಲ್ಕ್ರೋ, ಮಕ್ಕಳ ಶೂಗಳಿಗೆ ಇರುತ್ತಲ್ಲ, ಕಿತ್ತರೆ ಚರ್ ಅನ್ನುವುದು. ಬೆನ್ನಿನ ಹದಿನಾಲ್ಕು ಗುಂಡಿಯನ್ನೂ ಕುಣಿಕೆಗೆ ಸೇರಿಸಿ ಹೊಲಿದುಬಿಟ್ಟೆವು, ಇನ್ನು ಅವು ಬರೀ ಅಲಂಕಾರ. ಮುಂದೆ, ನಡು ನೆರಿಗೆಯ ಕೆಳಗೆ ಕುತ್ತಿಗೆಯಿಂದ ಸೊಂಟದವರೆಗೆ ಕತ್ತರಿಸಿ, ಒಳಗಡೆ ಚರ್ ಪಟ್ಟಿ ಕೂರಿಸಬೇಕು. ಕತ್ತರಿ ಹಿಡಿಯಲು ನನಗಾಗದು, ಮಾಸ್ಟರೇ ಹಿಡಿದರು. ಹೊಸ ಗೌನಿನ ಎದೆಗೆ ಕತ್ತರಿ ಇಟ್ಟು ಅವರ ಕೈ ನಿಂತಿತು. "ನಿಮ್ಮಕ್ಕ ಬೈದ್ರೆ?" ಅಂದರು. "ಬೈಯೋಕೆ ಅವಳು ಮಾತಾಡ್ಬೇಕಲ್ಲ ಮಾಸ್ಟ್ರೇ, ಬೈದ್ರೆ ನಿಮಗೆ ಸಿಹಿ ಹಂಚ್ತೀನಿ" ಅಂದೆ. ಕತ್ತರಿಸಿದರು. ನಾಲ್ಕು ಹೆಜ್ಜೆ ದೂರ ನಿಂತು ನೋಡಿದರೆ ನಿನಗೂ ಪತ್ತೆಯಾಗದು.

ಮೂರು ವಾರ ಮನೆಯಲ್ಲಿ ತಾಲೀಮು ನಡೆಯಿತು. ನಮ್ಮನೆಯವರು ಹಾಲಿನ ಸುತ್ತು ಮುಗಿಸಿ ಬಂದು ಕೋಣೆಯ ಬಾಗಿಲ ಹೊರಗೆ ಗಡಿಯಾರ ಹಿಡಿದು ಸ್ಟೂಲು ಹಾಕಿಕೊಳ್ಳುತ್ತಿದ್ದರು. ಒಳಗೆ ಕಾಲಿಟ್ಟರೆ ಔಟ್ ಅಂತ ಕರಾರು. "ಎಲ್ಲಿಗೆ ಬಂತು?" ಅಂತ ಅವರು. "ಬಲತೋಳು ಬಿಟ್ಟಿದೆ, ಭುಜದ ಹತ್ತಿರ ಟ್ರಾಫಿಕ್ಕು" ಅಂತ ನಾನು. ನಲವತ್ತು, ಮೂವತ್ತೆರಡು, ಇಪ್ಪತ್ತು. ಒಂದು ದಿನ ತಲೆಕೆಟ್ಟು ಗೌನನ್ನು ಗೋಡೆಗೆ ಎಸೆದು ಅತ್ತೆ. ಅವರು ಬಾಗಿಲಾಚೆಯಿಂದ, "ಬರ್ಲಾ?" ಅಂದರು. "ಔಟ್ ಆಗ್ತೀರಿ" ಅಂದೆ. ಬರಲಿಲ್ಲ. ಅವರು ಅಲ್ಲೇ ಕೂತಿದ್ದರಲ್ಲ, ಅದು ಸಾಕಾಗಿತ್ತು. ಇವತ್ತು ಬಾಗಿಲು ತೆಗೆದು ಹೊರಗೆ ಬಂದಾಗ ಗಡಿಯಾರ ನೋಡುವುದನ್ನೇ ಮರೆತು ನನ್ನನ್ನು ನೋಡಿದರು, ಆಮೇಲೆ ನಾನೇ ಅವರ ಕೈ ತಿರುಗಿಸಿ ಹೊತ್ತು ಓದಬೇಕಾಯಿತು.

ಅಂಗಡಿಯಲ್ಲೂ ಸುದ್ದಿ ಹಬ್ಬಿ, ಈಗಾಗಲೇ ಮೂವರು ತಮ್ಮ ಅಂಗಿಗಳಿಗೂ ಚರ್ ಪಟ್ಟಿ ಹಾಕಿಕೊಡಿ ಅಂತ ಬಂದಿದ್ದಾರೆ. ಗಿರಾಕಿಗಳ ನೋವು ಕೇಳುವುದು ನನ್ನ ಕೆಲಸ, ಹೊಲಿಯುವುದು ಮಿಶಿನ್ನಿನದು. ಕೈ ಕಾಜ ಮುಗಿಯಿತು ಅಕ್ಕ, ಅದು ಇನ್ನು ನನ್ನಿಂದಾಗದು. ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆದೆ.

ಈ ಪೆನ್ನಿಗೂ ಸ್ಪಂಜು ಸುತ್ತಿದ್ದೇನೆ, ಬಾಳೆಹಣ್ಣಿನಷ್ಟು ದಪ್ಪ. ಅಕ್ಷರ ಸೊಟ್ಟಗಿದ್ದರೆ ಕೆಂಪು ಶಾಯಿ ತೆಗೆಯಬೇಡ.

ಮುಂದಿನ ಭಾನುವಾರ ಅಲ್ಲ, ಅದರಾಚೆಯ ಭಾನುವಾರ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇವೆ. ಒಂದು ಎಚ್ಚರಿಕೆ: ಮದುಮಗಳು ಕೂಸಿಗೆ, ಭಾವನಿಗೆ, ಎಲ್ಲರಿಗೂ ಹೇಳಿಡು, ನನ್ನನ್ನು ಅಪ್ಪಿಕೊಂಡವರು ಬಿಡುವಾಗ ಮೆಲ್ಲಗೆ ಬಿಡಬೇಕು. ಜೋರಾಗಿ ಎಳೆದರೆ ಮಂಟಪದಲ್ಲೆಲ್ಲ ಚರ್ ಅಂತ ಕೇಳಿಸುತ್ತದೆ. ನೀನು ಅಪ್ಪಿಕೊಳ್ಳುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಬೈದರೂ ಸರಿ. ಮಾಸ್ಟರಿಗೆ ಸಿಹಿಯ ಮಾತು ಕೊಟ್ಟಿದ್ದೇನೆ.

ನೆಟ್ಟಗೆ ನಿಂತಿರುವ ನಿನ್ನ ತಂಗಿ,
ಗುಂಡಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಆಗಲಿಲ್ಲ. ಬೀಳ್ಕೊಡುಗೆಯ ದಿನ ನಾನು ಮನೆಯಲ್ಲಿ ಇರಲಿಲ್ಲ. ಬೆನ್ನು ತೆರೆದಿದ್ದ ಉಡುಪಿನ ಮೇಲೆ ನಮ್ಮನೆಯವರ ಉದ್ದ ಕೋಟು ಹೊದ್ದು ಬಸ್ಸು ಹತ್ತಿ ಬಂದಿದ್ದೆ. ನಿನ್ನ ಶಾಲೆಯ ಸಭಾಂಗಣದ ಬಾಗಿಲಲ್ಲಿ ಕಾವಲಿನವನು, "ಒಳಗೆ ಸೆಕೆ ಅಮ್ಮ, ಕೋಟು ಬಿಚ್ಚಿ ಇಲ್ಲಿ ಕೊಡಿ" ಅಂತ ಪ್ರೀತಿಯಿಂದಲೇ ಕೈ ಚಾಚಿದ. ನಾನು ಹಿಂದೆ ಸರಿದು ಕಿಟಕಿಯ ಕೆಳಗೆ ನಿಂತೆ. ನೀನು ಮೈಕಿನಲ್ಲಿ, "ಮೊದಲ ಸಾಲಿನ ಆ ಕುರ್ಚಿಯಲ್ಲಿ ಯಾರೂ ಕೂತ್ಕೋಬೇಡಿ, ನನ್ನ ತಂಗಿ ಬರ್ತಾಳೆ" ಅಂದಿದ್ದನ್ನು ನಾನು ಕೇಳಿಸಿಕೊಂಡೆ. ಎರಡು ಸಲ ಅಂದೆ ನೀನು. ಇನ್ನೊಂದು ಸಲ ಕುರ್ಚಿ ಇಡು ಅಕ್ಕ. ಕೋಟು ತರುವುದಿಲ್ಲ.