ತುಕ್ಕು ಬಣ್ಣದ ಮಂಜುಗಡ್ಡೆ

ಪ್ರೀತಿಯ ಅಕ್ಕ,

ಇಲ್ಲಿ ಗಂಡನ ಊರಲ್ಲೂ ಚಳಿಗಾಲದ ಕುಡಿಯುವ ನೀರಿಗೆ ಹೊಳೆಯ ಮಂಜುಗಡ್ಡೆ ಕೊಯ್ದು ಅಂಗಳದಲ್ಲಿ ಒಟ್ಟಿದ್ದಾಯಿತು. ಆದರೆ ಕರಗಿಸಿದರೆ ನೀರು ತುಕ್ಕಿನಂತೆ ಕೆಂಪು! "ನಿಮ್ಮೂರಲ್ಲಿ ಪಾತ್ರೆ ತೊಳೆಯೋದು ಕಲಿಸಲಿಲ್ವೇನೇ?" ಎಂದು ಅತ್ತೆ ಮಾತ್ರ್ಯೋನ ನನ್ನಿಂದ ಕೆಟಲನ್ನು ಮೂರು ಸಲ ಉಜ್ಜಿಸಿದರು. ನಿನ್ನೆ ತಾವೇ ನಡುಹೊಳೆಯಿಂದ ಗಡ್ಡೆ ತಂದು ಕಾಯಿಸಿದರು, ಅದೂ ಕೆಂಪು. ಬೆಟ್ಟದಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುತ್ತಿದ್ದ ನೆಲ ಕರಗಿ, ಅದರೊಳಗಿನ ಕಬ್ಬಿಣ ಹೊಳೆಗೆ ಇಳಿಯುತ್ತಿದೆ ಎಂದು ಮಾವ ಬೇಸಿಗೆಯಲ್ಲೇ ಹೇಳಿದ್ದರು, ಯಾರೂ ಕೇಳಲಿಲ್ಲ. ಈಗ ಅತ್ತೆ, "ನಿಮ್ಮೂರ ಕೆರೆ ಚೆನ್ನಾಗಿದ್ಯೇನೇ?" ಎಂದು ಮೆಲ್ಲಗೆ ಕೇಳುತ್ತಾರೆ.

ಆ ನೀರು ಕುಡಿದು ನನಗೆ ಸ್ವಲ್ಪ ಹೊಟ್ಟೆನೋವು, ಗಾಬರಿ ಬೇಡ. ಹೆಪ್ಪುಗಟ್ಟಿದ ಹೊಳೆಯ ಮೇಲೆ ಲಾರಿ ಓಡಲು ಶುರುವಾದ ಕೂಡಲೇ, ನೀನು ಕಳಿಸುತ್ತೇನೆಂದ ಉಡುಗೊರೆ ಬಟ್ಟೆಯ ಬದಲು ನಮ್ಮೂರ ಕೆರೆಯ ಮಂಜುಗಡ್ಡೆ ಕಳಿಸು. ಚೆನ್ನಾಗಿ ಒರೆಸಿ ಕಳಿಸು. ಇನ್ನೊಮ್ಮೆ ಕೆಟಲ್ ಉಜ್ಜಲಾರೆ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ತಂಗಿ ಕುನ್ನೇಯ್