ಬಾಗಿಲ ಹತ್ತಿರದ ಗೀರು

ಅಕ್ಕಾ,

ಮನೆಯಲ್ಲಿದ್ದ ಸಿನಿಮಾ ಡಿಸ್ಕುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಬಿಟ್ಟೆ. ಇನ್ನು ಮಧ್ಯೆ ಎದ್ದು ಅಂಗಿ ತುದಿಯಲ್ಲಿ ಒರೆಸೋ ಕೆಲಸವೇ ಇಲ್ಲ. ನನ್ನದು 'ಕೆಡಿಸೋ ಕೈ' ಅಂತಿದ್ದೆಯಲ್ಲ, ಆ ಕೈಯೇ ಮಾಡಿದ್ದು ಇದನ್ನ.

ಓಡಿಹೋದ ಮಗಳ ಸಿನಿಮಾ ನೆನಪಿದೆಯಾ? ಅವಳು ವಾಪಸ್ ಬಂದು ಬಾಗಿಲು ತಟ್ಟುವಾಗಲೇ ಚಿತ್ರ ನಿಂತುಬಿಡುತ್ತಿತ್ತು. ಥಿಯೇಟರಿನಲ್ಲಿ ನೋಡಿದ್ದವಳು ನೀನೊಬ್ಬಳೇ. 'ಅವಳಪ್ಪ ಬಾಗಿಲು ತೆಗೀತಾನೆ, ಊಟ ಆಯ್ತಾ ಅಂತಾನೆ' ಅಂತ ನೀನು ಹೇಳಿದ ಮೇಲೆ ಮುಂದಕ್ಕೆ ಓಡಿಸುತ್ತಿದ್ದೆವು. ಡಿಸ್ಕಿನ ಮೇಲಿದ್ದ ಆ ಗೀರನ್ನೂ ಪಾಲಿಶ್ ಹಚ್ಚಿ, ಉಜ್ಜಿ ಉಜ್ಜಿ ಗೆದ್ದೆ.

ನಿನ್ನೆ ಅಪ್ಪನನ್ನು ಕೂರಿಸಿ ಆ ಸಿನಿಮಾ ಹಾಕಿದೆ. ಎಲ್ಲೂ ತಡವರಿಸಲಿಲ್ಲ. ನನಗೆ ಕೋಡು ಮೂಡಿದಂತಾಗಿತ್ತು. ಅವಳು ಬಾಗಿಲು ತಟ್ಟಿದಳು. ಒಳಗೆ ದೀಪ ಆರಿತು. ಬಾಗಿಲು ತೆಗೆಯಲೇ ಇಲ್ಲ ಅಕ್ಕಾ.

ನೀನು ಮನೆ ಬಿಟ್ಟ ಮೇಲೆ ನಿನ್ನ ಸುದ್ದಿಯೇ ಎತ್ತದ ಅಪ್ಪ, ಪರದೆ ನೋಡುತ್ತಲೇ ಹೇಳಿದರು: 'ಎಲ್ಲೋ ಕೆಡಿಸಿದ್ದೀಯ ನೀನು. ನಿಮ್ಮಕ್ಕನ್ನ ಕೇಳಿ ಸರಿಮಾಡು.'

ನನ್ನ ಕಾಪಿಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ 'ಆಯ್ತಪ್ಪ, ಕೇಳ್ತೀನಿ' ಅಂದೆ. ನಿನ್ನ ವಿಳಾಸ ಯಾರ ಹತ್ತಿರವೂ ಇಲ್ಲ ಅಂತ ಹೇಳೋಕೆ ಹೋಗಲಿಲ್ಲ.