ಬೋಗಿ ಮರದ ತುಂಡಿನಲ್ಲಿ ಅಣಬೆ

ಅಕ್ಟೋಬರ್ ೩, ೧೯೭೮. ಬೋಳಾರ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಡೈರಿ ಕೊಟ್ಟು ಹೋಗಿದ್ದಾನೆ ಮಗ ಕಬೀರ್. "ಉಮ್ಮಾ, ನಾನು ಬರುವವರೆಗೆ ಮುಮ್ತಾಝ್‌ಗೆ ಬೈಯಬೇಡಿ. ಬೈಗುಳ ಎಲ್ಲ ಇದರಲ್ಲಿ ಬರೆಯಿರಿ." ಹೆಂಡತಿಯ ಮೇಲೆ ಅಷ್ಟು ಕನಿಕರ. ನನ್ನ ಬೆರಳು ನೋಯುವುದು ಯಾರಿಗೂ ಬೇಡ. ಅವನ ಹೊಸ ಮಂಜಿ ಹಡಗು ಹಂಚು ಹೇರಿಕೊಂಡು ಬೆಳಿಗ್ಗೆ ಲಕ್ಷದ್ವೀಪಕ್ಕೆ ಹೊರಟಿತು. ಹಾಯಿ ಮರೆಯಾಗುವವರೆಗೆ ನಿಂತೆ. ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದಾಳೆ ಮುಮ್ತಾಝ್. ಬರೆದೆ. ಸಾಕು.

ಅಕ್ಟೋಬರ್ ೫

ಮಳೆ ಬಿಟ್ಟಿಲ್ಲ. ಮೀನು ಕೊಯ್ಯುವ ಮರದ ತುಂಡಿನ ಅಡಿಯಲ್ಲಿ ಅಣಬೆ. ಗುಡ್ಡೆಯಲ್ಲಿ ಕೊಳೆತ ಮಾವಿನ ಕೊಂಬೆಗೆ ಬರುತ್ತದಲ್ಲ, ಅದೇ. ಕಿತ್ತು ಎಸೆದೆ. ಆಮೇಲೆ ತುಂಡನ್ನು ತಿರುಗಿಸಿ ನೋಡಿದೆ.

ಆ ತುಂಡು ಕಬೀರನ ಮಂಜಿಯದ್ದು. ಅದರ ತಳಕ್ಕೆ ಹಾಕಿದ ಉದ್ದ ಮರದಲ್ಲಿ ಉಳಿದ ತುದಿ. ನಾನೇ ಹೊತ್ತು ತಂದೆ. ಮರದ ವ್ಯಾಪಾರಿ ಅಯ್ಯೂಬ್ ಬೋಗಿ ಮರ, ನೀರಲ್ಲಿ ಕೊಳೆಯುವುದೇ ಇಲ್ಲ ಅಂತ ಕೊಟ್ಟದ್ದು. "ಕಾಡಿನಲ್ಲಿ ಈಗ ಹುಡುಕಿದರೂ ಇಲ್ಲ ಮಾರಾಯ್ರೆ, ನಿಮ್ಮ ನಸೀಬು" ಅಂದಿದ್ದ. ನನ್ನ ಅಜ್ಜನ ಮಂಜಿ ಬೋಗಿಯದ್ದು. ಅಷ್ಟು ವರ್ಷ ಉಪ್ಪುನೀರಲ್ಲಿದ್ದರೂ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತಿತ್ತು. ಅಂಥದ್ದರಲ್ಲಿ ಅಣಬೆ…?

ಅಕ್ಟೋಬರ್ ೬

ಅಯ್ಯೂಬನ ಅಂಗಡಿಗೆ ಹೋದೆ.

"ಅದು ಹೊರಗಿನ ಬಿಳಿ ಭಾಗ. ಎಲ್ಲ ಮರಕ್ಕೂ ಉಂಟು. ಒಳಗೆ ಕಬ್ಬಿಣ. ನಮ್ಮನ್ನೆಲ್ಲ ಹೆದರಿಸುವ ಅಲೀಮಮ್ಮ ಅಣಬೆಗೆ ಹೆದರುವುದಾ? ಪಲ್ಯ ಮಾಡಿ."

ನಕ್ಕ. ಹೇಳಿದ್ದು ನಿಜವೂ ಇರಬಹುದು. ಯಾ ಅಲ್ಲಾಹ್, ನಿಜವೇ ಇರಲಿ.

ಅಕ್ಟೋಬರ್ ೭

ಕಿತ್ತ ಜಾಗದಲ್ಲೇ ಮತ್ತೆ ಬಂದಿದೆ. ಕೊಡಲಿ ತಂದು ತುಂಡನ್ನು ಸೀಳಿದೆ. ನಡುವಿನವರೆಗೂ ಅಣಬೆಯ ಬಿಳಿ ನೂಲು. ಒತ್ತಿದರೆ ಉಗುರು ಇಳಿಯಿತು.

"ಎಂತ ಮಾಮಿ ಅದು?" — ಮುಮ್ತಾಝ್.

"ಎಂತ ಇಲ್ಲ. ಸೌದೆ."

ಬಸುರಿ. ಅವಳಿಗೆ ಹೇಗೆ ಹೇಳುವುದು? ಬೈಯಲಿಕ್ಕೂ ಬಾಯಿ ಬರಲಿಲ್ಲ. ಸೊಸೆ ಅದಕ್ಕೇ ಹೆದರಿದ ಹಾಗೆ ಕಂಡಿತು.

ಅಯ್ಯೂಬನಿಗೆ ಸುಳ್ಳು ಹೇಳಲು ಕಾರಣ ಉಂಟು. ಅಣಬೆಗೆ ಎಂತ ಕಾರಣ?

ಅಕ್ಟೋಬರ್ ೧೧

ಮಂಜಿ ದ್ವೀಪ ಮುಟ್ಟಿದೆ ಎಂಬ ತಂತಿ ಬಂದಿಲ್ಲ. ಬಂದರದಲ್ಲಿ ಕೇಳಿದರೆ, "ಗಾಳಿ ಜೋರುಂಟು, ತಡ ಆಗ್ತದೆ" ಅಂದರು. ನನ್ನ ಮುಖ ನೋಡದೆ ಅಂದರು. ಅಯ್ಯೂಬನ ಅಂಗಡಿಗೆ ಬೀಗ. ಸೀಳಿದ ತುಂಡನ್ನು, ಅಣಬೆ ಸಮೇತ, ಬಾಗಿಲಿಗೆ ಒರಗಿಸಿ ಬಂದೆ. ಕಬೀರನ ಕಾಲಡಿ ಇರುವುದು ಇದೇ…

ಅಯ್ಯೂಬ್, ಆ ಮರ ಯಾವುದು? ಹದಿಮೂರಕ್ಕೆ ಶುಕ್ರವಾರ. ಜುಮಾ ನಮಾಝಿಗೆ ಜನ ಸೇರುವ ಮೊದಲು ನನಗೆ ಉತ್ತರ ಬೇಕು.